ಹೊರಗಿನಿಂದ ಬೀಗ, ಒಳಗಿನಿಂದ ದಾರಿ: ಹಡಗಿನಲ್ಲಿ ಭದ್ರತೆ ಮತ್ತು ಸುರಕ್ಷತೆಯ ಜಗ್ಗಾಟ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ನೆಲಮಹಡಿಯ ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಮೂರನೇ ಮಹಡಿಯ ಬಾಲ್ಕನಿಗೂ ಗ್ರಿಲ್ ಹಾಕಿಸಿರುತ್ತಾರೆ. ಕಳ್ಳ ಒಳಗೆ ಬರಬಾರದು ಎಂಬುದು ಲೆಕ್ಕ. ಆದರೆ ಅಡುಗೆಮನೆಯಲ್ಲಿ ಬೆಂಕಿ ಹತ್ತಿ ಮುಂಬಾಗಿಲಿನ ದಾರಿ ಹೊಗೆಯಿಂದ ತುಂಬಿದರೆ, ಅದೇ ಗ್ರಿಲ್ ಮನೆಯವರನ್ನು ಹೊರಗೆ ಹೋಗಲು ಬಿಡುವುದಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತಾಗ ಇಡೀ ಊರು ಕೇಳಿದ್ದು ತುರ್ತು ಬಾಗಿಲುಗಳು ಯಾಕೆ ಉಪಯೋಗಕ್ಕೆ ಬರಲಿಲ್ಲ ಎಂದೇ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗಲೂ ಇದೇ ಪ್ರಶ್ನೆ ಎದ್ದಿತ್ತು.

ಹಡಗಿನಲ್ಲಿ ಈ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಊರಿನಲ್ಲಾದರೆ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಅಗ್ನಿಶಾಮಕ ವಾಹನ ಬರುತ್ತದೆ, ಏಣಿ ಹಾಕುತ್ತಾರೆ. ನಡುಗಡಲಿಗೆ ಯಾರೂ ಏಣಿ ತರುವುದಿಲ್ಲ. ಹಡಗಿನ ಒಳಗಿರುವ ಬಾಗಿಲು, ಮೆಟ್ಟಿಲು, ದೋಣಿ, ಜನ ಇಷ್ಟೇ ಬಂಡವಾಳ. ಈಗ ಮುಂಬೈ, ಕೊಚ್ಚಿ, ಚೆನ್ನೈಗಳಿಂದ ಹೊರಡುವ ಕ್ರೂಸ್ ಹಡಗುಗಳಿಗೆ, ಅಂಡಮಾನ್ ಮತ್ತು ಲಕ್ಷದ್ವೀಪದ ಫೆರಿಗಳಿಗೆ ಬೆಂಗಳೂರಿನಿಂದ ಹೋಗುವ ಕುಟುಂಬಗಳು ಹೆಚ್ಚುತ್ತಿವೆ. ಬಂದರಿನಲ್ಲಿ ಬ್ಯಾಗಿನ ತಪಾಸಣೆ, ಕೈಗೊಂದು ಕಾರ್ಡು, ಹಡಗಿನೊಳಗೆ ‘ಸಿಬ್ಬಂದಿಗೆ ಮಾತ್ರ’ ಎಂಬ ಫಲಕದ ಬಾಗಿಲುಗಳು ಅವರಿಗೆ ಎದುರಾಗುತ್ತವೆ. ಹೀಗೆ ಮುಚ್ಚಿದ ಬಾಗಿಲು ಬೆಂಕಿ ಬಿದ್ದಾಗ ಏನಾಗುತ್ತದೆ ಎಂದು ತಿಳಿದುಕೊಳ್ಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಇದೆ.

ಎರಡು ಪದ, ಎರಡು ಅರ್ಥ

ನಾವು ಮಾತಿನಲ್ಲಿ ಸುರಕ್ಷತೆ, ಭದ್ರತೆ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಹಡಗಿನ ಜನ ಹಾಗೆ ಬಳಸುವುದಿಲ್ಲ.

ಸುರಕ್ಷತೆ ಎಂದರೆ ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಆಗುವ ಅನಾಹುತದಿಂದ ರಕ್ಷಣೆ. ಬೆಂಕಿ, ಡಿಕ್ಕಿ, ನೀರು ನುಗ್ಗುವುದು, ಹಡಗು ವಾಲುವುದು ಈ ಲೆಕ್ಕಕ್ಕೆ ಬರುತ್ತವೆ. ಭದ್ರತೆ ಎಂದರೆ ಬೇಕೆಂದೇ ಕೇಡು ಮಾಡುವವರಿಂದ ರಕ್ಷಣೆ. ಬಾಂಬು, ಅಪಹರಣ, ಕಡಲ್ಗಳ್ಳರು, ಕದ್ದು ಹಡಗೇರುವವರು, ಕ್ಯಾಬಿನ್‌ಗೆ ನುಗ್ಗುವ ಕಳ್ಳರು ಇದರ ಪಾಲು.

ಸುರಕ್ಷತೆಗೆ ಬೇಕಾದದ್ದು ಸುಲಭವಾಗಿ ತೆರೆಯುವ ಬಾಗಿಲು, ದೊಡ್ಡ ಸೈರನ್, ಎಲ್ಲರಿಗೂ ಗೊತ್ತಿರುವ ಯೋಜನೆ. ಭದ್ರತೆಗೆ ಬೇಕಾದದ್ದು ಮುಚ್ಚಿದ ಬಾಗಿಲು, ಸದ್ದಿಲ್ಲದ ಎಚ್ಚರಿಕೆ, ಗುಟ್ಟಾದ ಯೋಜನೆ. ಎರಡೂ ಅದೇ ಪ್ರಯಾಣಿಕರ ಪ್ರಾಣ ಉಳಿಸುವುದಕ್ಕೇ ಇವೆ. ಆದರೂ ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ.

ನಿಯಮಗಳು ಎಲ್ಲಿಂದ ಬಂದವು

ಹಡಗಿನ ಸುರಕ್ಷತೆಯ ಮೂಲ ಗ್ರಂಥಕ್ಕೆ ಸೋಲಾಸ್ ಎನ್ನುತ್ತಾರೆ. ಕಡಲಲ್ಲಿ ಮನುಷ್ಯರ ಪ್ರಾಣ ಉಳಿಸುವ ಕುರಿತ ಅಂತರರಾಷ್ಟ್ರೀಯ ಒಪ್ಪಂದ ಇದು. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಇದರ ಮೊದಲ ರೂಪ ತಯಾರಾಯಿತು. ಈಗ ನಡೆಯುತ್ತಿರುವುದು 1974ರ ರೂಪ, ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿದೆ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹಡಗೆಲ್ಲ ಇದರ ಕಣ್ಣಿಗೆ ಪ್ರಯಾಣಿಕ ಹಡಗು.

ಭದ್ರತೆಯ ನಿಯಮಗಳು ಬಹಳ ತಡವಾಗಿ ಬಂದವು. 1985ರ ಅಕ್ಟೋಬರ್ 7ರಂದು ಈಜಿಪ್ಟ್ ಬಳಿ ಇಟಲಿಯ ಅಕಿಲ್ಲೆ ಲಾರೊ ಎಂಬ ಕ್ರೂಸ್ ಹಡಗನ್ನು ನಾಲ್ವರು ಅಪಹರಿಸಿದರು. ಅವರು ಕಡಲಿನಿಂದ ಹತ್ತಿ ಬಂದವರಲ್ಲ, ಪ್ರಯಾಣಿಕರಾಗಿಯೇ ಹಡಗಿನಲ್ಲಿದ್ದವರು. ಗಾಲಿಕುರ್ಚಿಯಲ್ಲಿದ್ದ ಒಬ್ಬ ವೃದ್ಧ ಪ್ರಯಾಣಿಕರನ್ನು ಕೊಂದರು. ಆಮೇಲೆ ಮಾರ್ಗಸೂಚಿಗಳು ಬಂದವಾದರೂ ಕಟ್ಟುನಿಟ್ಟಾದ ಕಾಯ್ದೆಯಾಗಲು 2001ರ ಸೆಪ್ಟೆಂಬರ್ ದಾಳಿಯೇ ನಡೆಯಬೇಕಾಯಿತು. ಐಎಸ್‌ಪಿಎಸ್ ಎಂದು ಕರೆಯುವ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯನ್ನು 2002ರ ಡಿಸೆಂಬರ್‌ನಲ್ಲಿ ಒಪ್ಪಿ, 2004ರ ಜುಲೈ 1ರಿಂದ ಜಾರಿಗೆ ತಂದರು. ಸೋಲಾಸ್‌ಗೆ ಸೇರಿಸಿದ ಒಂದು ಹೊಸ ಭದ್ರತಾ ಅಧ್ಯಾಯದ ಮೂಲಕ ಅದು ಕಡ್ಡಾಯವಾಯಿತು.

ಈ ಸಂಹಿತೆಯಲ್ಲಿ ಮೂರು ಹಂತಗಳಿವೆ. ಮೊದಲನೆಯದು ಮಾಮೂಲಿ ದಿನ. ಎರಡನೆಯದು ಅಪಾಯ ಹೆಚ್ಚಿದೆ ಎಂಬ ಸೂಚನೆ ಬಂದಾಗ. ಮೂರನೆಯದು ದಾಳಿ ಆಗಲಿದೆ ಅಥವಾ ಆಗುತ್ತಿದೆ ಎನ್ನುವಾಗ. ಹಂತ ಏರಿದಂತೆ ಹಡಗೇರುವ ದಾರಿಗಳು ಕಡಿಮೆಯಾಗುತ್ತವೆ, ಬೀಗಗಳು ಹೆಚ್ಚುತ್ತವೆ, ಕಾವಲು ಬಿಗಿಯಾಗುತ್ತದೆ. ಅಂತರರಾಷ್ಟ್ರೀಯ ಪ್ರಯಾಣದ ಪ್ರಯಾಣಿಕ ಹಡಗುಗಳಿಗೆಲ್ಲ ಇದು ಕಡ್ಡಾಯ. ಆದ್ದರಿಂದಲೇ ವಿದೇಶಿ ಕ್ರೂಸ್ ಹಡಗು ನಮ್ಮ ನವ ಮಂಗಳೂರು ಬಂದರಿಗೆ ಬಂದಾಗ ಹಡಗಿನಲ್ಲೊಬ್ಬ, ಬಂದರಿನಲ್ಲೊಬ್ಬ ಹೀಗೆ ಇಬ್ಬರು ಭದ್ರತಾ ಅಧಿಕಾರಿಗಳು ಪರಸ್ಪರ ಮಾತಾಡಿಕೊಂಡೇ ಕೆಲಸ ಮಾಡಬೇಕು.

ಜಗಳ ಬಂದರೆ ತೀರ್ಪು ಯಾರದು

ಈ ಪ್ರಶ್ನೆಗೆ ಸೋಲಾಸ್‌ನಲ್ಲಿ ನೇರ ಉತ್ತರವಿದೆ, ಮತ್ತು ಅದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಭದ್ರತಾ ಅಧ್ಯಾಯದ 8ನೇ ನಿಯಮ ಹೇಳುವುದು ಇದು: ಸುರಕ್ಷತೆಯ ನಿಯಮಕ್ಕೂ ಭದ್ರತೆಯ ನಿಯಮಕ್ಕೂ ತಿಕ್ಕಾಟ ಬಂದಿದೆ ಎಂದು ಕ್ಯಾಪ್ಟನ್‌ಗೆ ಅನ್ನಿಸಿದರೆ, ಹಡಗಿನ ಸುರಕ್ಷತೆಗೆ ಬೇಕಾದದ್ದನ್ನೇ ಮಾಡಬೇಕು. ಭದ್ರತೆಗೆ ಅಷ್ಟು ಹೊತ್ತಿಗೆ ತಾತ್ಕಾಲಿಕ ಏರ್ಪಾಟು ಮಾಡಿಕೊಳ್ಳಬಹುದು. ಆ ವಿಷಯವನ್ನು ಹಡಗು ನೋಂದಣಿಯಾದ ದೇಶದ ಸರ್ಕಾರಕ್ಕೆ, ಅಗತ್ಯವಿದ್ದರೆ ಬಂದರಿನ ದೇಶಕ್ಕೂ, ಕೂಡಲೇ ತಿಳಿಸಬೇಕು. ಕ್ಯಾಪ್ಟನ್‌ನ ಈ ತೀರ್ಮಾನಕ್ಕೆ ಕಂಪನಿಯಾಗಲಿ, ಹಡಗು ಬಾಡಿಗೆಗೆ ಪಡೆದವರಾಗಲಿ ಅಡ್ಡ ಬರುವಂತಿಲ್ಲ.

ಸುರಕ್ಷತೆಗೆ ಮೊದಲ ಸ್ಥಾನ ಯಾಕೆ ಎಂಬುದಕ್ಕೆ ಸೂಪರ್‌ಫೆರಿ 14 ಸಾಕ್ಷಿ. 2004ರ ಫೆಬ್ರವರಿ 27ರಂದು ಫಿಲಿಪ್ಪೀನ್ಸ್‌ನ ಮನಿಲಾದಿಂದ ಹೊರಟ ಆ ಫೆರಿಯಲ್ಲಿ, ಟಿವಿಯೊಳಗೆ ಅಡಗಿಸಿಟ್ಟಿದ್ದ ಬಾಂಬು ಸಿಡಿದು 116 ಜನ ಸತ್ತರು. ಕೃತ್ಯ ಭಯೋತ್ಪಾದಕರದು, ಅಂದರೆ ವಿಷಯ ಭದ್ರತೆಯದು. ಆದರೆ ಬಾಂಬು ಸಿಡಿದ ಮರುಕ್ಷಣದಿಂದ ಅಲ್ಲಿದ್ದದ್ದು ಬೆಂಕಿ, ಹೊಗೆ, ವಾಲುತ್ತಿರುವ ಹಡಗು. ಭದ್ರತೆ ಸೋತ ಕೂಡಲೇ ಉಳಿಯುವುದು ಸುರಕ್ಷತೆಯ ದಾರಿ ಒಂದೇ. ಆ ದಾರಿಗೇ ಭದ್ರತೆಯ ಹೆಸರಿನಲ್ಲಿ ಬೀಗ ಜಡಿದಿದ್ದರೆ ಜನಕ್ಕೆ ಏನೂ ಉಳಿಯುವುದಿಲ್ಲ.

ಬಾಗಿಲನ್ನು ಹತ್ತಿರದಿಂದ ನೋಡಿದರೆ

ಪ್ರಯಾಣಿಕರು ಪಾರಾಗುವ ದಾರಿಯಲ್ಲಿನ ಬಾಗಿಲಿನ ಬಗ್ಗೆ ಸೋಲಾಸ್ ಎಷ್ಟು ಖಚಿತವಾಗಿ ಮಾತಾಡುತ್ತದೆ ಎಂದರೆ ಅಳತೆಗಳನ್ನೂ ಬರೆದಿಟ್ಟಿದೆ. ಕ್ಯಾಬಿನ್ ಬಾಗಿಲು ಒಳಗಿನಿಂದ ತೆರೆಯಲು ಕೀಲಿ ಬೇಕಾಗಬಾರದು. ಪಾರಾಗುವ ದಿಕ್ಕಿನಲ್ಲಿ ಹೋಗುವಾಗ ಯಾವ ಬಾಗಿಲಿಗೂ ಕೀಲಿ ಬೇಕಾಗಬಾರದು. ಊಟದ ಹಾಲ್, ರಂಗಮಂದಿರದಂಥ ಜನ ಸೇರುವ ಜಾಗದ ಬಾಗಿಲಿಗೆ ಚಿಲಕವಿದ್ದರೆ ಅದು ತಳ್ಳುಪಟ್ಟಿಯದಾಗಿರಬೇಕು. ಮಾಲ್‌ಗಳ ತುರ್ತು ಬಾಗಿಲಿಗೆ ಅಡ್ಡಲಾಗಿ ಇರುತ್ತದಲ್ಲ, ಅಂಥದ್ದು. ಪಟ್ಟಿಯ ಉದ್ದ ಬಾಗಿಲ ಅಗಲದ ಅರ್ಧಕ್ಕಿಂತ ಕಡಿಮೆ ಇರಕೂಡದು. ನೆಲದಿಂದ 760 ಮಿಲಿಮೀಟರ್‌ಗಿಂತ ಕೆಳಗೆ, 1120 ಮಿಲಿಮೀಟರ್‌ಗಿಂತ ಮೇಲೆ ಇರಕೂಡದು. ಎಂದರೆ ಸುಮಾರು ಎರಡೂವರೆ ಅಡಿಯಿಂದ ಮೂರು ಮುಕ್ಕಾಲು ಅಡಿಯೊಳಗೆ. ಹೊಗೆಯಲ್ಲಿ ಕಣ್ಣು ಕಾಣದೆ ಬಗ್ಗಿಕೊಂಡು ಬರುವವರ ಸೊಂಟ, ಮಗುವಿನ ಕೈ, ಹಿಂದಿನವರ ನೂಕಿಗೆ ಮುಂದೆ ಬಿದ್ದವರ ಎದೆ ಯಾವುದು ತಾಗಿದರೂ ಅದು ತೆರೆಯಬೇಕು. 67 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಅದು ಸುಮಾರು ಏಳು ಕೆಜಿ ತೂಕದಷ್ಟು ಒತ್ತಡ. ಚಿಲಕ ಬಿಡದಂತೆ ತಡೆಯುವ ಬೀಗ, ಸ್ಕ್ರೂ, ಇನ್ಯಾವ ಕೊಂಡಿಯನ್ನೂ ಅದಕ್ಕೆ ಹಾಕುವಂತಿಲ್ಲ.

ಈಗ ಭದ್ರತಾ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ. ಅದೇ ಬಾಗಿಲಿನ ಆಚೆ ಸಿಬ್ಬಂದಿಯ ಓಣಿ, ಅಲ್ಲಿಂದ ಮುಂದೆ ಎಂಜಿನ್ ನಿಯಂತ್ರಣ ಕೊಠಡಿ ಇರಬಹುದು. ಅಲ್ಲಿಗೆ ಯಾರು ಬೇಕಾದರೂ ನುಗ್ಗುವಂತಿದ್ದರೆ ಅವರ ಕೆಲಸವೇ ಕೆಟ್ಟಂತೆ. ಇದಕ್ಕೆ ಕಂಡುಕೊಂಡ ಒಳ್ಳೆಯ ಪರಿಹಾರ ಬಾಗಿಲಿಗೆ ದಿಕ್ಕು ಕೊಡುವುದು. ಹೊರಗಿನಿಂದ ಒಳಬರುವವರಿಗೆ ಕಾರ್ಡು ಬೇಕು, ಒಳಗಿನಿಂದ ಪಾರಾಗುವವರಿಗೆ ತಳ್ಳಿದರೆ ಸಾಕು. ತಳ್ಳಿದ ಕೂಡಲೇ ಅಲ್ಲೊಂದು ಗಂಟೆ ಬಾರಿಸುತ್ತದೆ, ಕ್ಯಾಮೆರಾ ಆ ಕಡೆ ತೋರಿಸುತ್ತದೆ, ಕಾವಲಿನವರು ಬಂದು ನೋಡುತ್ತಾರೆ. ತಡೆಯುವ ಕೆಲಸವನ್ನು ಬೀಗದಿಂದ ಕಿತ್ತು ಕಾವಲಿಗೆ ವಹಿಸಿದಂತಾಯಿತು.

ಕಾರ್ಡಿನ ಬೀಗಗಳು ಬಹಳ ಕಡೆ ವಿದ್ಯುತ್ಕಾಂತದವು. ಅಲ್ಲೊಂದು ಸೂಕ್ಷ್ಮವಿದೆ. ಬೆಂಕಿಯಲ್ಲಿ ಮೊದಲು ಹೋಗುವುದು ಕರೆಂಟು. ತುರ್ತು ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ಶುರುವಾಗಬೇಕು ಎಂಬುದು ನಿಯಮ. ಆ 45 ಸೆಕೆಂಡು ಬಾಗಿಲು ಏನು ಮಾಡುತ್ತದೆ? ಕರೆಂಟು ಇದ್ದಾಗ ಮಾತ್ರ ಹಿಡಿಯುವ ಬೀಗವಾದರೆ ಬಾಗಿಲು ಬಿಟ್ಟುಕೊಳ್ಳುತ್ತದೆ. ಕರೆಂಟು ಬಂದರೆ ಮಾತ್ರ ತೆರೆಯುವ ಬೀಗವಾದರೆ ಮುಚ್ಚಿಯೇ ಇರುತ್ತದೆ. ಪಾರಾಗುವ ದಾರಿಗೆ ಮೊದಲನೆಯ ಬಗೆಯೇ ಬೇಕು. ಅದರಲ್ಲಿ ಭದ್ರತೆಗೆ ಒಂದು ತೂತು ಉಳಿಯುತ್ತದೆ: ಕೇಡಿಗರು ಬೆಂಕಿ ಎಚ್ಚರಿಕೆಯ ಗುಂಡಿ ಒತ್ತಿಯೋ ವೈರು ಕತ್ತರಿಸಿಯೋ ಬಾಗಿಲು ತೆರೆಸಬಹುದು. ಹಾಗಾಗಿ ಒಂದು ಅಗ್ನಿ ವಲಯದ (ಬೆಂಕಿ ಹರಡದಂತೆ ಹಡಗನ್ನು ವಿಂಗಡಿಸಿದ ಭಾಗದ) ಎಚ್ಚರಿಕೆಗೆ ಆ ವಲಯದ ಬಾಗಿಲು ಮಾತ್ರ ಬಿಡುವಂತೆ ಜೋಡಿಸುವುದು, ಹಡಗು ನಡೆಸುವ ಬ್ರಿಡ್ಜ್‌ನ ಬಾಗಿಲಿಗೆ ಹೊರಗಿನಿಂದ ತೆರೆಯಲಾಗದ, ಒಳಗಿನಿಂದ ಕೈಯಲ್ಲೇ ತೆರೆಯಬಹುದಾದ ಚಿಲಕ ಇಡುವುದು ಜಾಣತನ.

ಮುಚ್ಚಿದ ಬಾಗಿಲೆಲ್ಲ ಬೀಗದ ಬಾಗಿಲಲ್ಲ

ಓಣಿಯಲ್ಲಿ ತೆರೆದೇ ಇದ್ದ ದೊಡ್ಡ ಬಾಗಿಲು ಸೈರನ್ ಆದ ಕೂಡಲೇ ತಾನಾಗಿ ಮುಚ್ಚಿಕೊಂಡರೆ ಜನ ಬೀಗ ಬಿತ್ತೆಂದು ಹೆದರಿ ಹಿಂದೆ ಓಡಬಹುದು. ಅದು ಬೆಂಕಿಬಾಗಿಲು. ಹೊಗೆ ಹರಡದಂತೆ ಮುಚ್ಚಿಕೊಳ್ಳುತ್ತದೆ, ಬೀಗ ಬೀಳುವುದಿಲ್ಲ, ತಳ್ಳಿದರೆ ತೆರೆಯುತ್ತದೆ. 1990ರ ಏಪ್ರಿಲ್ 7ರಂದು ಸ್ಕ್ಯಾಂಡಿನೇವಿಯನ್ ಸ್ಟಾರ್ ಫೆರಿಗೆ ಬೆಂಕಿ ಬಿದ್ದು 159 ಜನ ಸತ್ತರು. ಹೆಚ್ಚಿನವರು ಸತ್ತದ್ದು ಉರಿಯಿಂದಲ್ಲ, ವಿಷಹೊಗೆಯಿಂದ. ಹಾಗಾಗಿ ದಾಟಿದ ಮೇಲೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳಲು ಬಿಡಬೇಕು, ಅಡ್ಡಲಾಗಿ ಸೂಟ್‌ಕೇಸ್ ಇಡಬಾರದು.

ಪಕ್ಕಕ್ಕೆ ಜಾರಿ ಮುಚ್ಚುವ ದಪ್ಪ ಉಕ್ಕಿನ ಬಾಗಿಲು ಬೇರೆ ಜಾತಿ. ಅದು ನೀರು ತಡೆಯುವ ಬಾಗಿಲು. ಬ್ರಿಡ್ಜ್‌ನಿಂದ ಎಲ್ಲವನ್ನೂ ಒಟ್ಟಿಗೆ 60 ಸೆಕೆಂಡಿನೊಳಗೆ ಮುಚ್ಚಲು ಬರಬೇಕು. ಮುಚ್ಚುವಾಗ ನಡುವೆ ಸಿಕ್ಕಿದ ಮನುಷ್ಯರನ್ನು ಅದು ಲೆಕ್ಕಿಸುವುದಿಲ್ಲ, ಲಿಫ್ಟ್ ಬಾಗಿಲಿನಂತೆ ಹಿಂದೆ ಸರಿಯುತ್ತದೆ ಎಂದುಕೊಂಡು ಕೈ ಒಡ್ಡಬಾರದು. ಅದು ಸಾಮಾನ್ಯವಾಗಿ ಸಿಬ್ಬಂದಿಯ ಜಾಗದಲ್ಲೇ ಇರುತ್ತದೆ. ಪ್ರಯಾಣಿಕರು ಅಲ್ಲಿಗೆ ಹೋಗದಂತೆ ತಡೆಯುವುದರಲ್ಲಿ ಭದ್ರತೆ, ಸುರಕ್ಷತೆ ಎರಡೂ ಒಂದೇ ಮಾತಾಡುತ್ತವೆ.

ಎಂಜಿನ್ ಕೋಣೆಯ ಮೇಲಿನ ಬೀಗ

ಪಾರಾಗುವ ದಾರಿಗೇ ಬೀಗ ಹಾಕುವ ತಪ್ಪು ಪ್ರಯಾಣಿಕರ ಕಣ್ಣಿಗೆ ಬೀಳದ ಒಂದು ಜಾಗದಲ್ಲಿ ಪದೇ ಪದೇ ಆಗುತ್ತದೆ. ಎಂಜಿನ್ ಕೋಣೆಯ ತಳದಿಂದ ಮೇಲಿನ ಡೆಕ್ಕಿಗೆ ಬಾವಿಯಂಥ ಒಂದು ಉಕ್ಕಿನ ಕೊಳವೆ ಇರುತ್ತದೆ. ಒಳಗೆ ಗೋಡೆಗೆ ಅಂಟಿದ ಏಣಿ. ಒಳಗಿನ ಜಾಗ ಕನಿಷ್ಠ 800 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಬೆನ್ನಿಗೆ ಉಸಿರಾಟದ ಸಿಲಿಂಡರ್ ಹೊತ್ತವರು ತೂರುವಷ್ಟು. ತುದಿಯಲ್ಲಿ ಡೆಕ್ ಮೇಲೆ ಒಂದು ಮುಚ್ಚಳ. ಕೆಳಗೆ ಬೆಂಕಿ ಬಿದ್ದರೆ ಎಂಜಿನ್ ಸಿಬ್ಬಂದಿ ಹತ್ತಿ ಬರುವ ದಾರಿ ಇದು.

ಬಂದರಿನಲ್ಲಿ ಹಡಗು ನಿಂತಾಗ ಕದ್ದು ಏರುವವರು ಅಡಗಲು ಹುಡುಕುವುದೂ ಇಂಥ ಮುಚ್ಚಳವನ್ನೇ. ಆದ್ದರಿಂದ ಯಾರೋ ಹೊರಗಿನಿಂದ ಒಂದು ಬೀಗ ಹಾಕುತ್ತಾರೆ. ಹಡಗು ಹೊರಟ ಮೇಲೆ ತೆಗೆಯಲು ಮರೆಯುತ್ತಾರೆ. ಕೆಳಗಿನವರಿಗೆ ಅದು ಗೊತ್ತಾಗುವುದು ಏಣಿ ಹತ್ತಿ ಮುಚ್ಚಳಕ್ಕೆ ತಲೆ ತಾಗಿದಾಗ. ಎಂಜಿನ್ ಸಿಬ್ಬಂದಿ ಸಿಕ್ಕಿಬಿದ್ದರೆ ಬೆಂಕಿ ಆರಿಸಲು ಕೈಗಳೇ ಕಡಿಮೆಯಾಗುತ್ತವೆ, ಮೇಲಿನ ಸಾವಿರ ಪ್ರಯಾಣಿಕರ ಪಾಡು ಅಲ್ಲಿಗೆ ಕೆಡುತ್ತದೆ. ಸರಿಯಾದ ಕ್ರಮ ಎಂದರೆ ಒಳಗಿನಿಂದ ಸದಾ ತಿರುಗುವ ಹಿಡಿ, ಹೊರಗೆ ಬೀಗದ ಬದಲು ನಂಬರು ಹಾಕಿದ ಪ್ಲಾಸ್ಟಿಕ್ ಸೀಲು. ಸೀಲು ತುಂಡಾಗಿದ್ದರೆ ಯಾರೋ ಮುಟ್ಟಿದ್ದಾರೆ ಎಂದು ಕಾವಲಿನವರಿಗೆ ತಿಳಿಯುತ್ತದೆ. ಒಳಗಿನಿಂದ ನೂಕಿದರೆ ಅದು ದಾರದಂತೆ ಹರಿಯುತ್ತದೆ.

ಲೈಫ್‌ಜಾಕೆಟ್ ಪೆಟ್ಟಿಗೆಗೂ ಇದೇ ಮಾತು. ಕಳುವಾಗುತ್ತವೆಂದು ಸಣ್ಣ ಫೆರಿಗಳಲ್ಲಿ ಜಾಕೆಟ್‌ಗಳನ್ನು ಕಟ್ಟಿಡುವುದು, ಬೀಗದೊಳಗೆ ಇಡುವುದು ಉಂಟು. 2024ರ ಡಿಸೆಂಬರ್ 18ರಂದು ಮುಂಬೈ ಬಳಿ ಎಲಿಫೆಂಟಾಗೆ ಹೊರಟಿದ್ದ ನೀಲ್‌ಕಮಲ್ ಫೆರಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದಾಗ ಜನರಿಗೆ ಸಿಕ್ಕ ಸಮಯ ಎಷ್ಟು ಕಡಿಮೆ ಎಂದು ದೇಶವೇ ನೋಡಿತು. ಕೀಲಿ ಹುಡುಕುವಷ್ಟು ಹೊತ್ತು ಕಡಲು ಯಾರಿಗೂ ಕೊಡುವುದಿಲ್ಲ.

ಕೂಗುವ ಸೈರನ್, ಕೂಗದ ಗುಂಡಿ

ಹಡಗಿನ ತುರ್ತು ಸೈರನ್ ಎಂದರೆ ಕನಿಷ್ಠ ಏಳು ಚಿಕ್ಕ ಸದ್ದು, ಅದರ ಹಿಂದೆ ಒಂದು ಉದ್ದ ಸದ್ದು. ಅದು ಕೇಳಿದರೆ ಎಲ್ಲರೂ ಗೊತ್ತುಮಾಡಿದ ಜಾಗಕ್ಕೆ ಬಂದು ಸೇರಬೇಕು. ಆ ಜಾಗವನ್ನು ಮಸ್ಟರ್ ಸ್ಟೇಷನ್ ಎನ್ನುತ್ತಾರೆ.

ಭದ್ರತೆಗೆ ಇನ್ನೊಂದು ಎಚ್ಚರಿಕೆ ಇದೆ. ಬ್ರಿಡ್ಜ್‌ನಲ್ಲೊಂದು, ಬೇರೆಡೆ ಕನಿಷ್ಠ ಇನ್ನೊಂದು ಗುಂಡಿ. ಒತ್ತಿದರೆ ದಂಡೆಯಲ್ಲಿರುವ ಅಧಿಕಾರಿಗಳಿಗೆ ಸಂದೇಶ ಹೋಗುತ್ತದೆ, ಹಡಗಿನಲ್ಲಿ ಮಾತ್ರ ಒಂದು ಸದ್ದೂ ಆಗುವುದಿಲ್ಲ. ಅಪಹರಿಸಿದವರಿಗೆ ಗೊತ್ತಾಗದಿರಲಿ ಎಂದೇ ಹೀಗೆ. ಬ್ಯಾಂಕಿನ ಕೌಂಟರ್ ಕೆಳಗಿನ ಗುಂಡಿಯ ಹಾಗೆ.

ತೊಡಕು ಬರುವುದು ಪ್ರಯಾಣಿಕರು ಎಲ್ಲಿರಬೇಕು ಎಂಬಲ್ಲಿ. ಬೆಂಕಿಯಾದರೆ ಕ್ಯಾಬಿನ್ ಬಿಟ್ಟು ಮಸ್ಟರ್ ಸ್ಟೇಷನ್‌ಗೆ ಬರಬೇಕು. ಆಯುಧ ಹಿಡಿದವರು ಹಡಗಿನಲ್ಲಿದ್ದರೆ ಒಂದೇ ಕಡೆ ಗುಂಪುಗೂಡುವುದು ಅಪಾಯ, ಚಿಲಕ ಹಾಕಿಕೊಂಡು ಒಳಗಿರುವುದು ವಾಸಿ. ಬಾಂಬಿನ ಬೆದರಿಕೆ ಬಂದರೆ ಮಸ್ಟರ್ ಸ್ಟೇಷನ್ನನ್ನೇ ಮೊದಲು ಶೋಧಿಸಿ ಆಮೇಲೆ ಜನರನ್ನು ಕರೆಯಬೇಕು. ಕಡಲ್ಗಳ್ಳರು ಬಂದರೆ ತೆರೆದ ಡೆಕ್, ಬಾಲ್ಕನಿ, ಕಿಟಕಿಗಳಿಂದ ದೂರ ಒಳಗಿನ ಹಾಲ್‌ಗೆ ಕರೆತರುತ್ತಾರೆ. 2005ರ ನವೆಂಬರ್‌ನಲ್ಲಿ ಸೊಮಾಲಿಯಾ ಬಳಿ ಸೀಬೋರ್ನ್ ಸ್ಪಿರಿಟ್ ಎಂಬ ಕ್ರೂಸ್ ಹಡಗಿನ ಮೇಲೆ ಗುಂಡಿನ ದಾಳಿಯಾದಾಗ ಹಡಗು ವೇಗ ಹೆಚ್ಚಿಸಿ ತಪ್ಪಿಸಿಕೊಂಡಿತು, ಪ್ರಯಾಣಿಕರನ್ನು ಒಳಗಿಟ್ಟಿದ್ದರು. ಹೀಗೆ ಓಡುವ ಹಡಗು ಚುರುಕಾಗಿ ತಿರುಗಿದರೆ ವಾಲುತ್ತದೆ, ಓಣಿಯಲ್ಲಿ ನಿಂತ ವಯಸ್ಸಾದವರು ಬೀಳುತ್ತಾರೆ. ಆದ್ದರಿಂದ ನೆಲದ ಮೇಲೆ ಕೂರಿಸುವುದೂ ಆ ಸೂಚನೆಯ ಭಾಗ.

ಒಂದೇ ಸೈರನ್‌ನಿಂದ ಇಷ್ಟೆಲ್ಲ ಹೇಳಲಾಗುವುದಿಲ್ಲ. ಸೈರನ್ ಆದ ಮೇಲೆ ಧ್ವನಿವರ್ಧಕದಲ್ಲಿ ಸ್ಪಷ್ಟ ಮಾತಿನಲ್ಲಿ ಏನು ಮಾಡಬೇಕೆಂದು ಹೇಳಲೇಬೇಕು. ಸಿಬ್ಬಂದಿಗೆ ಸಂಕೇತಪದಗಳಲ್ಲಿ ಸುದ್ದಿ ಮುಟ್ಟಿಸುವ ಪದ್ಧತಿ ಇದೆ, ಗಾಬರಿ ಹುಟ್ಟಬಾರದೆಂದು. ಅದು ಸಿಬ್ಬಂದಿಗೆ ಸಾಕು. ಪ್ರಯಾಣಿಕರಿಗೆ ಸಾಲದು.

ಗುಟ್ಟಿನಿಂದ ಇನ್ನೊಂದು ತೊಂದರೆ. ಸುರಕ್ಷತೆಯ ಕೈಪಿಡಿಯನ್ನು ಸಿಬ್ಬಂದಿಯೆಲ್ಲ ಓದಿರಬೇಕು. ಭದ್ರತಾ ಯೋಜನೆಯನ್ನು ಬಹಳ ಜನರಿಗೆ ತೋರಿಸುವಂತಿಲ್ಲ. ಪ್ರಯಾಣಿಕ ಹಡಗಿನಲ್ಲಿ ಬೆಂಕಿಯ, ದೋಣಿ ಇಳಿಸುವ ಅಭ್ಯಾಸ ವಾರಕ್ಕೊಮ್ಮೆ ನಡೆಯುತ್ತದೆ. ಭದ್ರತೆಯ ಅಭ್ಯಾಸಕ್ಕೆ ಮೂರು ತಿಂಗಳಿಗೊಮ್ಮೆ ಎಂಬ ಅಳತೆ ಇದೆ. ಎರಡನ್ನೂ ಬೇರೆಬೇರೆಯಾಗಿ ಮಾಡಿದರೆ ತಿಕ್ಕಾಟ ಬಯಲಾಗುವುದೇ ಇಲ್ಲ. ಭದ್ರತೆಯ ಹಂತ ಎರಡರ ಬೀಗಗಳೆಲ್ಲ ಬಿದ್ದಿರುವಾಗಲೇ ಬೆಂಕಿಯ ಅಭ್ಯಾಸ ಮಾಡಿ ನೋಡಬೇಕು. ಯಾವ ಓಣಿಯಲ್ಲಿ ಜನ ತಡೆದು ನಿಂತರು ಎಂಬುದು ಆಗ ಕಾಣುತ್ತದೆ.

ಹೊರಗೆ, ಹಡಗಿನ ಸುತ್ತ

ಹಡಗು ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ರೇಡಿಯೊದಲ್ಲಿ ಸದಾ ಸಾರುತ್ತಿರುತ್ತದೆ. ಆ ಉಪಕರಣಕ್ಕೆ ಎಐಎಸ್ ಎನ್ನುತ್ತಾರೆ. ಡಿಕ್ಕಿ ತಪ್ಪಿಸಲು ಅದು ಬೇಕು. ಆದರೆ ಅದೇ ಮಾಹಿತಿ ಕಡಲ್ಗಳ್ಳರ ಕೈಗೂ ಸಿಗುತ್ತದೆ. ಅದು ಚಾಲೂ ಇರುವುದರಿಂದಲೇ ಹಡಗಿಗೆ ಅಪಾಯ ಎಂದು ಕಂಡರೆ ಕ್ಯಾಪ್ಟನ್ ಆರಿಸಬಹುದು. ಆರಿಸಿದರೆ ಮಬ್ಬಿನಲ್ಲಿ ಎದುರಿನ ಹಡಗಿಗೆ ರಾಡಾರ್ ಮತ್ತು ಕಣ್ಣು ಮಾತ್ರ ಗತಿ.

ಅಪಾಯದ ಕಡಲಿನಲ್ಲಿ ಸರಕು ಹಡಗುಗಳು ಕಟಾಂಜನಕ್ಕೆ ಬ್ಲೇಡಿನ ಮುಳ್ಳುತಂತಿ ಸುತ್ತುತ್ತವೆ. ಕಳ್ಳರು ಹತ್ತಲಾರರು. ಲೈಫ್‌ಬೋಟ್ ಇಳಿಯುವ ಜಾಗ, ತೆಪ್ಪ ಎಸೆಯುವ ಜಾಗವನ್ನೂ ಸುತ್ತಿಬಿಟ್ಟರೆ ಸಿಬ್ಬಂದಿ ಇಳಿಯಲಾರರು, ಗಾಳಿ ತುಂಬುವ ತೆಪ್ಪ ಹರಿದೇ ಹೋಗಬಹುದು. ಆ ಜಾಗಗಳಲ್ಲಿ ಬಿಚ್ಚಬಹುದಾದ ತುಂಡು ಇಡಬೇಕು.

ಬಂದರಿನಲ್ಲಿ ಹಂತ ಎರಡು ಬಂದಾಗ ಹಡಗೇರುವ ದಾರಿ ಒಂದೇ ಉಳಿಸುವುದು ರೂಢಿ. ಆಗಲೇ ಬೆಂಕಿ ಬಿದ್ದರೆ ಇಡೀ ಹಡಗಿನ ಜನ ಒಂದೇ ಗ್ಯಾಂಗ್‌ವೇಗೆ ಮುಗಿಬೀಳುತ್ತಾರೆ. ಎರಡನೆಯ ದಾರಿಯನ್ನು ಎತ್ತಿಟ್ಟಿದ್ದರೂ ತಕ್ಷಣ ಇಳಿಸುವಂತೆ ಸಿದ್ಧವಿಡಬೇಕು, ದಂಡೆಯ ಗೇಟಿನ ಕಾವಲಿನವರು ಅಗ್ನಿಶಾಮಕ ವಾಹನವನ್ನು ಪಾಸ್ ಕೇಳಿ ನಿಲ್ಲಿಸದಂತೆ ಮೊದಲೇ ಮಾತಾಗಿರಬೇಕು.

ಭದ್ರತೆ ಸುರಕ್ಷತೆಗೆ ನೆರವಾಗುವ ಜಾಗವೂ ಇದೆ, ಅದು ತಲೆಯೆಣಿಕೆ. ಹೊರಡುವ ಮುನ್ನ ಹಡಗಿನಲ್ಲಿರುವವರನ್ನೆಲ್ಲ ಎಣಿಸಬೇಕು. ಕಾರ್ಡು ತೋರಿಸಿ ಹತ್ತುವುದರಿಂದ ಆ ಎಣಿಕೆ ಕರಾರುವಾಕ್ಕಾಗುತ್ತದೆ. 2014ರ ಡಿಸೆಂಬರ್ 28ರಂದು ನಾರ್ಮನ್ ಅಟ್ಲಾಂಟಿಕ್ ಫೆರಿಗೆ ಬೆಂಕಿ ಬಿದ್ದಾಗ ಹಡಗಿನಲ್ಲಿ ಎಷ್ಟು ಜನರಿದ್ದರು ಎಂಬುದೇ ಗೊಂದಲವಾಯಿತು, ಪಟ್ಟಿಯಲ್ಲಿಲ್ಲದವರೂ ಇದ್ದರು. ಹುಡುಕುವವರಿಗೆ ಯಾವಾಗ ನಿಲ್ಲಿಸಬೇಕೆಂದೇ ತಿಳಿಯದ ಸ್ಥಿತಿ ಅದು.

ಹಡಗೇರಿದ ಮೊದಲ ಗಂಟೆ

ಇಟಲಿಯ ಕೋಸ್ಟಾ ಕಾಂಕಾರ್ಡಿಯಾ 2012ರ ಜನವರಿ 13ರಂದು ಬಂಡೆಗೆ ತಾಗಿ 32 ಜನ ಸತ್ತ ಮೇಲೆ ನಿಯಮ ಬಿಗಿಯಾಯಿತು. ಅದಕ್ಕೆ ಮೊದಲು ಪ್ರಯಾಣಿಕರ ಮಸ್ಟರ್ ಅಭ್ಯಾಸವನ್ನು 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರ ಜನವರಿ 1ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಬೇಕು. ಅದಕ್ಕೆ ಹೋಗಿ.

ಕ್ಯಾಬಿನ್‌ನಿಂದ ಮಸ್ಟರ್ ಸ್ಟೇಷನ್‌ಗೆ ಒಮ್ಮೆ ನಡೆದು ನೋಡಿ, ಎಡಕ್ಕೊಂದು ಬಲಕ್ಕೊಂದು ಎರಡೂ ದಾರಿಯಲ್ಲಿ. ನಡುವೆ ಎಷ್ಟು ಬಾಗಿಲು ಎಂದು ಎಣಿಸಿ. ಹೊಗೆಯಲ್ಲಿ ಲೆಕ್ಕವೇ ಕಣ್ಣು. ನೆಲದ ಹತ್ತಿರದ ಬೆಳಕಿನ ಪಟ್ಟಿ ಎಲ್ಲಿಗೆ ಒಯ್ಯುತ್ತದೆ ಎಂದು ಗಮನಿಸಿ. ದಾರಿಯ ಯಾವುದಾದರೂ ಬಾಗಿಲಿಗೆ ಸರಪಳಿಯೋ ಬೀಗವೋ ಕಂಡರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಉತ್ತರ ಸರಿಹೋಗದಿದ್ದರೆ ಸ್ವಾಗತ ಕೌಂಟರ್‌ನಲ್ಲಿ ಬರೆಸಿ. ರಾತ್ರಿ ಕ್ಯಾಬಿನ್‌ನ ಒಳಚಿಲಕ ಹಾಕಿಕೊಳ್ಳಿ, ಆದರೆ ಬಾಗಿಲಿಗೆ ಕುರ್ಚಿ, ಸೂಟ್‌ಕೇಸ್ ಅಡ್ಡ ಇಡಬೇಡಿ. ತುರ್ತಿನಲ್ಲಿ ಸಿಬ್ಬಂದಿ ಬಳಿ ಒಳಚಿಲಕ ತೆಗೆಯುವ ಸಾಧನ ಇರುತ್ತದೆ, ಕುರ್ಚಿ ಸರಿಸುವ ಸಾಧನ ಇರುವುದಿಲ್ಲ. ಮಕ್ಕಳಿದ್ದರೆ ಅವರ ಅಳತೆಯ ಲೈಫ್‌ಜಾಕೆಟ್ ಮೊದಲ ದಿನವೇ ಕೇಳಿ ತೊಡಿಸಿ ನೋಡಿ. ತಳ್ಳುಪಟ್ಟಿ ಎಲ್ಲಿದೆ ಎಂದು ಮಗುವಿನ ಕೈಯಲ್ಲೇ ಮುಟ್ಟಿಸಿ ತೋರಿಸಿ.